ಸೈಕಲ್ ಹೇರೋಕೆ ಹಳೇ ಕಾರು ನೋಡ್ತಿದ್ದೀರಾ? ನನ್ನ ಕಥೆ ಒಮ್ಮೆ ಓದಿ

ಕಳೆದ ವರ್ಷ ದೀಪಾವಳಿಗೆ ಮುಂಚೆ 5 ಲಕ್ಷ 40 ಸಾವಿರ ಕೊಟ್ಟು ಏಳು ಸೀಟಿನ ಸೆಕೆಂಡ್ ಹ್ಯಾಂಡ್ ಕಾರು ತಂದೆ. ತಂದದ್ದು ಒಂದೇ ಕಾರಣಕ್ಕೆ, ಮಕ್ಕಳ ಎರಡು ಸೈಕಲ್ ಹಾಕಿಕೊಂಡು ಹೋಗಲಿಕ್ಕೆ. ಇವತ್ತಿನವರೆಗೂ ಆ ಎರಡು ಸೈಕಲ್ ಒಟ್ಟಿಗೆ ಅದರೊಳಗೆ ಕೂತಿಲ್ಲ. ಅಷ್ಟೇ ಆಗಿದ್ದರೆ ನನ್ನ ದಡ್ಡತನ ಅಂದುಕೊಂಡು ಸುಮ್ನಿರುತ್ತಿದ್ದೆ. ಆದರೆ ಆ ಗಾಡಿ ಒಮ್ಮೆ ಹೊಳೆಯ ನೀರಿನಲ್ಲಿ ನಿಂತು ಬಂದದ್ದು ಅಂತ ಆಮೇಲೆ ಗೊತ್ತಾಯಿತು.

ಗಾಡಿಯ ಹೆಸರು ಹೇಳೋದಿಲ್ಲ, ಅಂಗಡಿಯ ಹೆಸರೂ ಹೇಳೋದಿಲ್ಲ. ಗಾಡಿ ಮಾಡಿದ ಕಂಪನಿಯದ್ದು ಇದರಲ್ಲಿ ತಪ್ಪೇನಿಲ್ಲ. ಅಂಗಡಿಯವರ ವಿಷಯ ಬೇರೆ ಕಡೆ ನಡೆದಿದೆ.

ನಾವು ವಿಜಯಪುರದವರು. ನಮ್ಮ ಕಡೆ ಮಕ್ಕಳಿಗೆ ಸೈಕಲ್ ಹುಚ್ಚು ಹತ್ತುವುದು ಹೊಸದೇನಲ್ಲ. ವಿಜಯಪುರ, ಬಾಗಲಕೋಟೆ ಎರಡೂ ಜಿಲ್ಲೆ ಸೈಕ್ಲಿಂಗಿಗೆ ಹೆಸರಾದವು. ಅತ್ತ ರಾಮದುರ್ಗ ತಾಲ್ಲೂಕಿನ ಚಂದರಗಿ ಕ್ರೀಡಾ ಶಾಲೆ ಇದೆ. ಜಾತ್ರೆ ಬಂತೆಂದರೆ ಎಷ್ಟೋ ಊರಲ್ಲಿ ಸೈಕಲ್ ಶರ್ಯತ್ತು, ಅಂದರೆ ಪಂದ್ಯ, ಇಡುತ್ತಾರೆ. ಮಗಳದ್ದು ರೋಡ್ ಸೈಕಲ್, ಬೆಳಗಿನ ಐದೂವರೆಗೆ ಅಥಣಿ ರಸ್ತೆಯಲ್ಲಿರುತ್ತಾಳೆ. ಮಗನದ್ದು 29 ಇಂಚಿನ ಚಕ್ರದ ಮೌಂಟೇನ್ ಸೈಕಲ್. ನಾನು ಹೈಸ್ಕೂಲ್ ಮಾಸ್ತರ. ಪ್ರತಿ ಶರ್ಯತ್ತಿಗೂ ಯಾರದೋ ಗಾಡಿಗೆ ಕೈಕಾಲು ಹಿಡಿದು ಸಾಕಾಗಿತ್ತು.

ಮೊದಲ ತಪ್ಪು ಮಾಡಿದ್ದು ಮನೆಯಲ್ಲೇ ಕೂತು. ಫೋನಿನಲ್ಲಿ ಡಿಕ್ಕಿ ಎಷ್ಟು ಲೀಟರ್ ಅಂತ ನೋಡಿದೆ. ಸೀಟು ಮಡಚಿದರೆ ಇಷ್ಟು, ಮಡಚದಿದ್ದರೆ ಇಷ್ಟು ಅಂತ ಪಟ್ಟಿ ಮಾಡಿ, ಜಾಸ್ತಿ ಲೀಟರಿನ ಗಾಡಿಗೆ ಟಿಕ್ ಹಾಕಿದೆ. ಸೈಕಲ್ ಏನು ನೀರಾ, ಸಂದಿಯಲ್ಲೆಲ್ಲ ಹರಿದು ತುಂಬಿಕೊಳ್ಳಲಿಕ್ಕೆ? ಅದಕ್ಕೆ ಉದ್ದ ಬೇಕು, ಡಿಕ್ಕಿ ಬಾಗಿಲಿನ ಬಾಯಿ ಅಗಲ ಇರಬೇಕು, ನೆಲ ಸಪಾಟಾಗಿರಬೇಕು. ಈ ಮೂರೂ ಲೀಟರಿನ ಲೆಕ್ಕದಲ್ಲಿ ಕಾಣುವುದಿಲ್ಲ.

ಎರಡನೇ ತಪ್ಪು ಅಂಗಡಿಯಲ್ಲಿ. ಗಾಡಿ 2017ರ ಮಾಡೆಲ್, ಮಹಾರಾಷ್ಟ್ರ ಪಾಸಿಂಗ್, ನಂಬರ್ ಎಂಎಚ್ 10. ಅಂದರೆ ಸಾಂಗಲಿ. ಪೆಟ್ರೋಲ್ ಜತೆಗೆ ಸಿಎನ್‌ಜಿ. ಒಳಗೆ ಕಾಲಿಟ್ಟರೆ ಮಲ್ಲಿಗೆ ವಾಸನೆ ಗಮ್ಮೆಂದಿತು. ಆಗ ಖುಷಿಯಾಗಿತ್ತು, ಈಗ ನೆನೆಸಿಕೊಂಡರೆ ಹೊಟ್ಟೆ ಉರಿಯುತ್ತದೆ. ನಡುವಿನ ಸೀಟು ಮಡಚಿ ನೋಡೋಣ ಅಂತ ಹಿಡಿಕೆ ಎಳೆದೆ. ಅಲುಗಲಿಲ್ಲ.

“ಬಳಸೇ ಇಲ್ಲರೀ ಸರ, ಅದಕ್ಕ ಬಿಗಿ ಐತಿ. ಎರಡ ಸಲ ಎಣ್ಣಿ ಬಿಟ್ಟರ ಬೆಣ್ಣಿ ಹಂಗ ಆಕ್ಕೈತಿ,” ಅಂದ ಅಂಗಡಿಯ ಹುಡುಗ.

“ಎರಡು ಸೈಕಲ್ ಹಿಡೀತಾವೇನಪಾ?”

“ಎರಡಲ್ಲರೀ, ನಾಕ ಹಾಕ್ರಿ. ಮ್ಯಾಲ ರೇಲ್ ಅದಾವ ನೋಡ್ರಿ, ಉಳಿದದ್ದು ಅಲ್ಲಿ ಕಟ್ಟರಿ.”

ನಂಬಿದೆ. ಆ ಹೊತ್ತಿಗೆ ಮಗಳ ಸೈಕಲ್ ಮನೆಯಲ್ಲಿ ಸುಮ್ನೆ ಗೋಡೆಗೆ ಒರಗಿಕೊಂಡಿತ್ತು. ಅಂಗಡಿಗೂ ಮನೆಗೂ ನಾಲ್ಕು ಕಿಲೋಮೀಟರ್. ಅದನ್ನು ಒಯ್ದು ಒಮ್ಮೆ ಹಾಕಿ ನೋಡಿದ್ದರೆ ಈ ಬರಹವೇ ಇರುತ್ತಿರಲಿಲ್ಲ.

ಮನೆಗೆ ತಂದು ಡಿಕ್ಕಿ ತೆಗೆದಾಗ ಮೊದಲು ಕಣ್ಣಿಗೆ ಬಿದ್ದದ್ದು ಗ್ಯಾಸ್ ಸಿಲಿಂಡರ್. ಅಂಗಡಿಯಲ್ಲೂ ನೋಡಿದ್ದೆ, ಆದರೆ ಮೈಲೇಜಿನ ಲೆಕ್ಕದಲ್ಲಿ ನೋಡಿದ್ದೆ. ಅದು ಕೊನೆಯ ಸೀಟಿನ ಹಿಂದೆ ಅಡ್ಡಕ್ಕೆ ಮಲಗಿರುತ್ತದೆ. ಸೀಟು ಮಡಚಿದರೂ ನಡುವೆ ಒಂದು ದಿನ್ನೆ. ಮಗಳ ಸೈಕಲ್ ಮುಂದಿನ ಚಕ್ರ ಬಿಚ್ಚಿದರೆ ಹಿಂದಿನ ಚಕ್ರದಿಂದ ಮುಂದಿನ ಚಕ್ರ ಹಿಡಿಯುವ ಫೋರ್ಕಿನ ತುದಿಗೆ ಸುಮಾರು 135 ಸೆಂಟಿಮೀಟರ್. ಮಗನದ್ದು ಒಂದೂವರೆ ಮೀಟರ್, ಹ್ಯಾಂಡಲ್ ಅಗಲವೇ 74 ಸೆಂಟಿಮೀಟರ್. ಮಗಳದ್ದು ಹೆಂಗೋ ಸಿಲಿಂಡರಿನ ಮೇಲೆ ಓರೆಯಾಗಿ ಕೂತಿತು. ಮಗನದ್ದು ಹಾಕಿದರೆ ಡಿಕ್ಕಿ ಮುಚ್ಚಲಿಲ್ಲ. ನಡುವಿನ ಸೀಟು ಮಡಚಿದ್ದರೆ ಜಾಗ ಆಗುತ್ತಿತ್ತು. ಅದಕ್ಕೆ ಎರಡಲ್ಲ, ಹತ್ತು ಸಲ ಎಣ್ಣೆ ಬಿಟ್ಟೆ. ಬೆಣ್ಣೆ ಆಗಲಿಲ್ಲ.

ಸರಿ, ಮೇಲೆ ರೇಲ್ ಇದೆಯಲ್ಲ ಅಂತ ಹೊರಟೆ. ವೆಲ್ಡಿಂಗ್ ಅಂಗಡಿಯಲ್ಲಿ 4,500 ರೂಪಾಯಿಗೆ ಕಬ್ಬಿಣದ ಕೆರಿಯರ್ ಮಾಡಿಸಿದೆ. ಅದನ್ನು ಆ ರೇಲಿಗೆ ನಟ್ಟು ಬೋಲ್ಟ್ ಹಾಕಿ ಬಿಗಿದರು. ಇಲ್ಲಿ ಸ್ವಲ್ಪ ನಿಧಾನಕ್ಕೆ ಓದಿ. ಎಷ್ಟೋ ಗಾಡಿಗಳ ಮೇಲಿನ ರೇಲು ಬರೀ ಅಲಂಕಾರ. ಪ್ಲಾಸ್ಟಿಕ್ಕು, ಅಂಟು, ನಾಲ್ಕು ಕ್ಲಿಪ್ಪು, ಅಷ್ಟೇ. ಭಾರ ಹೊರಲಿಕ್ಕೆ ಮಾಡಿದ್ದಲ್ಲ. ಅದು ಭಾರ ಹೊರುತ್ತದಾ, ಹೊತ್ತರೆ ಎಷ್ಟು ಕೆಜಿ ಅಂತ ಗಾಡಿಯ ಪುಸ್ತಕದಲ್ಲಿ ನೋಡಬೇಕು. ಆ ಅಂಕಿಯಲ್ಲಿ ಕೆರಿಯರಿನ ಭಾರವೂ ಸೇರುತ್ತದೆ. ನಮ್ಮ ಕಬ್ಬಿಣದ ಕೆರಿಯರ್ ಒಂದೇ 22 ಕೆಜಿ ಇತ್ತು. ನನ್ನ ಗಾಡಿಗೆ ಪುಸ್ತಕವೇ ಇರಲಿಲ್ಲ. “ಕಳದೈತ್ರಿ” ಅಂದಿದ್ದರು.

ಬೀಳಗಿ ಕಡೆ ಒಂದು ಜಾತ್ರೆಯ ಶರ್ಯತ್ತಿಗೆ ಹೊರಟೆವು. ಮಗಳ ಸೈಕಲ್ ಮೇಲೆ ನಿಲ್ಲಿಸಿ ಕಟ್ಟಿದ್ದೆ. ಕೊಲ್ಹಾರದವರೆಗೆ ಏನೂ ಇಲ್ಲ. ಅಲ್ಲಿಂದ ಕೊರ್ತಿಗೆ ಕೃಷ್ಣಾ ಹಿನ್ನೀರಿನ ಮೇಲೆ ಉದ್ದೋ ಉದ್ದ ಸೇತುವೆ, ನೋಡಿದವರಿಗೆ ಗೊತ್ತು. ಎರಡೂ ಕಡೆ ಬಯಲು ನೀರು, ಗಾಳಿಗೆ ಅಡ್ಡವೇ ಇಲ್ಲ. ನಡು ಸೇತುವೆಗೆ ಬಂದಾಗ ಮೇಲೆ ಸಿಳ್ಳು ಹೊಡೆದ ಹಾಗೆ ಸದ್ದು. ಆಮೇಲೆ ಟಪ್, ಟಪ್ ಅಂತ ಬಡಿಯತೊಡಗಿತು. ಹಿಂದೆ ಲಾರಿ. ನಿಲ್ಲಿಸುವ ಹಾಗಿಲ್ಲ. ಮಗಳು ಕಿಟಕಿಯಿಂದ ಕೈ ಹೊರಗೆ ಹಾಕಿ ಚಕ್ರ ಹಿಡಿದುಕೊಳ್ಳಲು ನೋಡಿದಳು. ಬೈದು ಒಳಗೆ ಎಳೆಸಿದೆ. ಇಪ್ಪತ್ತರ ವೇಗದಲ್ಲಿ ಹೇಗೋ ದಾಟಿ ಇಳಿದು ನೋಡಿದರೆ, ಎಡಗಡೆಯ ರೇಲು ಮುಂದಿನ ತುದಿಯಲ್ಲಿ ಕಿತ್ತು ಬಂದು ಸೈಕಲ್ ಬಲಕ್ಕೆ ವಾಲಿತ್ತು. ಟಾಪಿನ ತಗಡು ಅಂಗೈಯಷ್ಟು ಒಳಗೆ ಹೋಗಿತ್ತು. ಸೈಕಲಿನ ಹಿಂದೆ ಗೇರು ಬದಲಿಸುವ ಡಿರೇಲರ್ ಹಿಡಿದಿರುವ ಹ್ಯಾಂಗರ್ ಬಾಗಿತ್ತು. ಅಂಥದ್ದರಲ್ಲೇ ಓಡಿಸಿದಳು, ಗೇರು ನಿಲ್ಲದೆ ನಡುವೆಯೇ ಇಳಿದಳು. ಬರುವಾಗ ಕೊಲ್ಹಾರದಲ್ಲಿ ಗಡಿಗೆಯ ಗಟ್ಟಿ ಮೊಸರು ಕೊಡಿಸುತ್ತೇನೆ ಅಂದರೆ ಅದೂ ಬೇಡ ಅಂದಳು. ಎಷ್ಟು ಬೇಜಾರಾಗಿತ್ತು ಅಂತ ತಿಳಿದುಕೊಳ್ಳಿ.

ಹಿಂದೆ ಡಿಕ್ಕಿ ಬಾಗಿಲಿಗೆ ಪಟ್ಟಿ ಕಟ್ಟಿ ನೇತುಹಾಕುವ ರ‍್ಯಾಕ್ ಕೂಡ ಸಿಗುತ್ತದೆ. ಅದರಲ್ಲಿ ನಂಬರ್ ಪ್ಲೇಟೂ ಹಿಂದಿನ ದೀಪವೂ ಮುಚ್ಚಿಹೋದರೆ ಪೊಲೀಸರು ದಂಡ ಹಾಕುತ್ತಾರೆ, ಹಾಕುವುದು ಸರಿಯೇ. ಪ್ಲಾಸ್ಟಿಕ್ ಸ್ಪಾಯ್ಲರ್ ಇರುವ ಗಾಡಿಗೆ ಅದರ ಕೊಕ್ಕೆ ಎಲ್ಲಿ ಸಿಕ್ಕಿಸುತ್ತೀರಿ ಅನ್ನೋದು ಮೊದಲೇ ನೋಡಿಕೊಳ್ಳಿ. ನನಗೆ ಆಗಲೇ ಸಾಕಾಗಿತ್ತು, ಅದರ ತಂಟೆಗೆ ಹೋಗಲಿಲ್ಲ.

ಹೊಳೆಯ ಸಂಗತಿ ಹೊರಬಿದ್ದದ್ದು ನಮ್ಮ ಮನೆಯವರಿಂದ. ಚೈನಿನ ಎಣ್ಣೆ ಕಾರ್ಪೆಟ್ಟಿಗೆ ಮೆತ್ತಿತ್ತು. ತೊಳೆಯಲಿಕ್ಕೆ ಅಂತ ಅದರ ಅಂಚು ಎತ್ತಿದರು. ಕೆಳಗೆ ನುಣ್ಣನೆಯ ಒಣ ರೇವೆ, ಹಿಟ್ಟಿನ ಹಾಗೆ. “ಇದೇನ್ರೀ, ಕಾರಿನ್ಯಾಗ ಹೊಲ ಐತಿ?” ಅಂದರು. ಮರುದಿನ ಪರಿಚಯದ ಮೆಕ್ಯಾನಿಕ್ ಚಾಚಾ ಕಡೆ ಒಯ್ದೆ. ಅವರು ಇಂಜಿನ್ ಕಡೆ ನೋಡಲೇ ಇಲ್ಲ. ಮೊದಲು ಹಿಂದಿನ ಸೀಟ್ ಬೆಲ್ಟ್ ಹಿಡಿದು ಪೂರ್ತಿ ಎಳೆದರು. ಕೊನೆಯ ಒಂದು ಗೇಣು ಬೆಲ್ಟು ಮಣ್ಣಿನ ಬಣ್ಣಕ್ಕಿತ್ತು, ನಡುವೆ ಗೆರೆ ಎಳೆದ ಹಾಗೆ. ಸ್ಟೆಪ್ನಿ ಇಳಿಸಿ ಅದರ ಬೋಲ್ಟು ತೋರಿಸಿದರು, ತುಕ್ಕು. ಸೀಟಿನ ಕೆಳಗಿನ ಪಟ್ಟಿ, ಮಡಚುವ ಕೀಲು, ಎಲ್ಲಾ ತುಕ್ಕು.

“ಮಾಸ್ತರ, ಈ ಗಾಡಿ ಹೊಳಿ ನೀರು ಕುಡದೈತ್ರಿ. ಸೀಟು ಯಾಕ ಮಡಚವಲ್ದು ಅಂದ್ರಿ, ಇದಕ್ಕ.”

2019ರ ಆಗಸ್ಟಿನಲ್ಲಿ ಕೃಷ್ಣಾ ಹೊಳೆ ಉಕ್ಕಿದ್ದು ಯಾರಿಗೆ ಮರೆತಿದೆ? ನಮ್ಮ ಬೆಳಗಾವಿ, ಬಾಗಲಕೋಟೆ ಕಡೆಯಷ್ಟೇ ಅಲ್ಲ, ಸಾಂಗಲಿ, ಕೊಲ್ಹಾಪುರ ಊರೊಳಗೇ ನೀರು ನಿಂತಿತ್ತು. 2021ರ ಜುಲೈನಲ್ಲಿ ಮತ್ತೆ ನುಗ್ಗಿತು. ಹಾಗೆ ನೀರಲ್ಲಿ ನಿಂತ ಗಾಡಿ ತೊಳೆದು, ಒರೆಸಿ, ಮಲ್ಲಿಗೆ ವಾಸನೆ ಹೊಡೆದು ಪಕ್ಕದ ರಾಜ್ಯಕ್ಕೆ ದಾಟಿಸಿದರೆ ಯಾರಿಗೆ ತಿಳಿಯಬೇಕು? ನನ್ನ ಗಾಡಿ ಎಂಎಚ್ 10 ಅಂತ ಗೊತ್ತಿದ್ದೂ ನನಗೆ ಹೊಳೆಯಲಿಲ್ಲವಲ್ಲ.

ಜಾಸ್ತಿ ನಾಚಿಕೆ ಆಗುವುದು ಮುಂದಿನ ಮಾತಿಗೆ. ಗಾಡಿಯ ಜತೆ ಒಂದು ಪ್ಲಾಸ್ಟಿಕ್ ಫೈಲ್ ಕೊಟ್ಟಿದ್ದರು. ಅದರಲ್ಲಿ ಹಳೇ ವಿಮೆಯ ಕಾಗದಗಳೂ ಇದ್ದವು. 2019ರ ಮೇ ತಿಂಗಳ ಕಾಗದದಲ್ಲಿ ನೋ ಕ್ಲೇಮ್ ಬೋನಸ್, ಅಂದರೆ ಕ್ಲೇಮ್ ಮಾಡದವರಿಗೆ ವಿಮೆಯ ಕಂತಿನಲ್ಲಿ ಕೊಡುವ ರಿಯಾಯಿತಿ, 25 ಪರ್ಸೆಂಟ್. 2020ರ ಕಾಗದದಲ್ಲಿ ಸೊನ್ನೆ. ವರ್ಷದಲ್ಲಿ ಕ್ಲೇಮ್ ಮಾಡಿದರೆ ಆ ಬೋನಸ್ ಹೋಗುತ್ತದೆ. ಓನರ್ ಬದಲಾದರೂ ಹೋಗುತ್ತದೆ, ಯಾಕೆಂದರೆ ಅದು ಗಾಡಿಯದ್ದಲ್ಲ, ಮನುಷ್ಯನದ್ದು. ಆದರೆ ಎರಡೂ ಕಾಗದದ ಮೇಲೆ ಒಬ್ಬನದೇ ಹೆಸರಿತ್ತು. ಅಂದರೆ ನಡುವೆ ಏನೋ ದೊಡ್ಡದೇ ಆಗಿದೆ. ಮಕ್ಕಳ ಉತ್ತರ ಪತ್ರಿಕೆಯಲ್ಲಿ ಅರ್ಧ ಅಂಕ ಹುಡುಕುವ ನಾನು ಈ ಎರಡು ಹಾಳೆ ಓದಿರಲಿಲ್ಲ. ನೀವು ಕೊಳ್ಳುವಾಗ ಈಗಿನ ಪಾಲಿಸಿ ಒಂದೇ ನೋಡಿ ಬಿಡಬೇಡಿ, ಹಳೆಯವನ್ನು ಕೇಳಿ ಇಸಿದುಕೊಳ್ಳಿ. ಕೊಡಲು ಮೀನಮೇಷ ಎಣಿಸಿದರೆ ಎದ್ದು ಬನ್ನಿ.

ಪಾಸಿಂಗಿನ ಗೋಳು ಬೇರೆ. ಹೊರ ರಾಜ್ಯದ ಗಾಡಿ ಇಲ್ಲಿ 12 ತಿಂಗಳಿಗಿಂತ ಜಾಸ್ತಿ ಇಟ್ಟುಕೊಂಡರೆ ಇಲ್ಲಿನ ನಂಬರ್ ಮಾಡಿಸಲೇಬೇಕು. ಅದಕ್ಕೆ ಸಾಂಗಲಿ ಆರ್‌ಟಿಒದಿಂದ ಎನ್‌ಒಸಿ, ಅಂದರೆ ತಮ್ಮ ಅಭ್ಯಂತರ ಇಲ್ಲ ಅಂತ ಅವರು ಕೊಡುವ ಫಾರ್ಮ್ 28 ಬೇಕು. ಸಾಲದ ಮೇಲೆ ತೆಗೆದ ಗಾಡಿಯಾದರೆ ಬ್ಯಾಂಕಿನಿಂದ ಸಾಲ ತೀರಿತು ಅನ್ನುವ ಫಾರ್ಮ್ 35. ಮೇಲೆ ನಮ್ಮ ರಾಜ್ಯದ ಲೈಫ್ ಟ್ಯಾಕ್ಸ್, ಗಾಡಿಯ ವಯಸ್ಸು ನೋಡಿ ಹಾಕುತ್ತಾರೆ. ನನಗೆ ಅರ್ಧ ಲಕ್ಷ ದಾಟಿತು. “ಮಹಾರಾಷ್ಟ್ರದ ಗಾಡಿ 60 ಸಾವಿರ ಸೋವಿ” ಅಂತ ಹಿಗ್ಗಿದ್ದೆ. ಎಲ್ಲಾ ಅಲ್ಲಿಗೇ ಹೋಯಿತು. ಕೆಎ 28, ಕೆಎ 29 ಹೀಗೆ ನಮ್ಮ ಕಡೆಯ ನಂಬರಿನ ಗಾಡಿಗೆ ಸ್ವಲ್ಪ ಜಾಸ್ತಿ ಕೊಟ್ಟರೂ ಪರವಾಗಿಲ್ಲ, ಈ ಓಡಾಟ ತಪ್ಪುತ್ತದೆ.

ಇನ್ನು, ಯಾವ ಗಾಡಿ ನೋಡಬೇಕು ಅಂತ ಕೇಳುವವರಿಗೆ. ಆಮೇಲೆ ನಾನು ಸೈಕಲ್ ಮತ್ತು ಟೇಪು ಹಿಡಿದು ಪರಿಚಯದವರ ಮನೆ ಮನೆ ತಿರುಗಿದೆ, ಬುದ್ಧಿ ಬರುವುದು ಯಾವಾಗಲೂ ಆಮೇಲೆಯೇ ಅಲ್ವಾ. ರೆನೋ ಟ್ರೈಬರ್‌ನಲ್ಲಿ ಕೊನೆಯ ಸೀಟು ಪೂರ್ತಿ ಕಳಚಿ ಮನೆಯಲ್ಲಿಟ್ಟು ಹೋಗಬಹುದು. ಇನ್ನೋವಾದಲ್ಲಿ ಕೊನೆಯ ಸೀಟು ಎರಡು ಪಕ್ಕಕ್ಕೆ ಎತ್ತಿ ಕಟ್ಟುತ್ತಾರೆ, ನಡುವೆ ನೆಲ ಖಾಲಿ. ಹಳೇ ಹೋಂಡಾ ಜಾಝ್‌ನ ಕೆಲವು ಮಾಡೆಲ್‌ನಲ್ಲಿ ಹಿಂದಿನ ಸೀಟಿನ ಕೂರುವ ಭಾಗವೇ ಮೇಲೆ ಏಳುತ್ತದೆ. ಎಲ್ಲಾ ಮಾಡೆಲ್‌ನಲ್ಲಿ ಇಲ್ಲ, ಎತ್ತಿ ನೋಡಿಯೇ ಒಪ್ಪಿ. ಒಂದೇ ಸೈಕಲ್ ಸಾಕು ಅನ್ನುವವರಿಗೆ ವ್ಯಾಗನ್ ಆರ್ ಕೂಡ ನಡೆಯುತ್ತದೆ, 2019ರ ಮೇಲಿನ ಮಾಡೆಲ್‌ನಲ್ಲಿ ಹಿಂದಿನ ಸೀಟು 60:40 ಭಾಗವಾಗಿ ಮಡಚುವುದು ನೋಡಿಕೊಳ್ಳಿ. ಗ್ಯಾಸ್ ಗಾಡಿಯಾದರೆ ಸಿಲಿಂಡರ್ ಎಲ್ಲಿದೆ ಅನ್ನೋದು ಮೊದಲ ಪ್ರಶ್ನೆ. 3 ವರ್ಷಕ್ಕೊಮ್ಮೆ ಅದರ ಹೈಡ್ರೋ ಟೆಸ್ಟ್, ಅಂದರೆ ಒತ್ತಡ ತಡೆಯುತ್ತದಾ ಅನ್ನುವ ಪರೀಕ್ಷೆ, ಆಗಿದೆಯಾ ಅನ್ನೋದು ಎರಡನೆಯದು.

ಅಳೆಯುವಾಗ ಡ್ರೈವರ್ ಸೀಟನ್ನು ನೀವು ಕೂರುವ ಜಾಗಕ್ಕೇ ತಂದು ಅಳೆಯಿರಿ. ಅಂಗಡಿಯವರು ಅದನ್ನು ಪೂರ್ತಿ ಮುಂದೆ ತಳ್ಳಿ ತೋರಿಸುತ್ತಾರೆ, ಹಾಗೆ ಕೂತು ಓಡಿಸಲಿಕ್ಕೆ ನಿಮಗೆ ಮೊಣಕಾಲು ಇರಬಾರದು. ಒಳಗಿನ ಅಗಲವಲ್ಲ, ಡಿಕ್ಕಿಯ ಬಾಯಿಯ ಅಗಲ ಅಳೆಯಿರಿ. ಸೈಕಲ್ ಮಲಗಿಸುವಾಗ ಗೇರಿನ ಪಕ್ಕ ಮೇಲೆ ಬರಲಿ, ಎರಡರ ನಡುವೆ ಒಂದು ಹಳೇ ಕೌದಿ ಹಾಕಿ. ಹೈಡ್ರಾಲಿಕ್ ಡಿಸ್ಕ್ ಬ್ರೇಕಿದ್ದರೆ ಚಕ್ರ ಬಿಚ್ಚಿದ ಮೇಲೆ ಬ್ರೇಕ್ ಹಿಡಿಯಬೇಡಿ. ಪ್ಯಾಡ್ ಒಂದಕ್ಕೊಂದು ಕೂಡಿಕೊಂಡು ಆಮೇಲೆ ಡಿಸ್ಕ್ ಒಳಗೆ ಹೋಗುವುದಿಲ್ಲ. ನಡುವೆ ಒಂದು ಮಡಚಿದ ರಟ್ಟು ಸಿಕ್ಕಿಸಿದರೆ ಸಾಕು.

ಅಂಗಡಿಯವರ ಹತ್ತಿರ ಹೋಗಿದ್ದೆ. “ಇದ್ದ ಸ್ಥಿತಿಯಲ್ಲಿ ನೋಡಿ ಒಪ್ಪಿ ಕೊಂಡಿದ್ದೇನೆ” ಅನ್ನುವ ಚೀಟಿಯ ಮೇಲೆ ನನ್ನದೇ ಸಹಿ ತೋರಿಸಿದರು. ಜಿಲ್ಲಾ ಗ್ರಾಹಕರ ಆಯೋಗಕ್ಕೆ ದೂರು ಕೊಟ್ಟಿದ್ದೇನೆ. 2 ವರ್ಷದ ಒಳಗೆ ಕೊಡಬೇಕು, ವಕೀಲರು ಬೇಕೇ ಬೇಕು ಅಂತಿಲ್ಲ. ಕೊಟ್ಟ ಹಣ 5 ಲಕ್ಷದ ಒಳಗಿದ್ದರೆ ಶುಲ್ಕವೂ ಇಲ್ಲ, ನನ್ನದು ಅದನ್ನು ದಾಟಿದ್ದರಿಂದ 200 ರೂಪಾಯಿ ಕಟ್ಟಿದೆ. ಚಾಚಾ ತೆಗೆದಿಟ್ಟ ಬೆಲ್ಟು, ಕಾರ್ಪೆಟ್ಟಿನ ಕೆಳಗಿನ ಮಣ್ಣು, ಎರಡು ಪಾಲಿಸಿ, ಎಲ್ಲದರ ಫೋಟೋ ತೆಗೆದು ಹಚ್ಚಿದ್ದೇನೆ. ಅಂಗಡಿಯ ಹುಡುಗ “ನಾಕ ಹಾಕ್ರಿ” ಅಂದದ್ದಕ್ಕೆ ಮಾತ್ರ ಯಾವ ಪುರಾವೆಯೂ ಇಲ್ಲ.

ಸದ್ಯಕ್ಕೆ ಶರ್ಯತ್ತು ಇದ್ದ ದಿನ ಪಕ್ಕದ ಓಣಿಯವರ ಛೋಟಾ ಹಾಥಿ, ಅದೇ ಸಣ್ಣ ಸಾಮಾನಿನ ಗಾಡಿ, ಬಾಡಿಗೆಗೆ ಹೇಳುತ್ತೇವೆ. ಸೈಕಲ್‌ಗಳು ಚಕ್ರ ಸಮೇತ ನೆಟ್ಟಗೆ ನಿಂತು ಹೋಗುತ್ತವೆ, ಮಕ್ಕಳು ಅವುಗಳ ನಡುವೆ ಕೌದಿ ಸಿಕ್ಕಿಸಿ ಹಗ್ಗ ಕಟ್ಟುತ್ತಾರೆ. ಆಮೇಲೆ ನಾವು ನಾಲ್ಕೂ ಮಂದಿ ಬಸ್ಸು ಹತ್ತುತ್ತೇವೆ.