ಕ್ಯಾಸಿಯೊ 991ಇಎಸ್ ಪ್ಲಸ್‌ನಲ್ಲಿ 1234567890: ಬ್ರಾಕೆಟ್ ಬಂದರೆ ಲೆಕ್ಕ ಮುಗಿದಿಲ್ಲ

ಕ್ಯಾಸಿಯೊ ಎಫ್‌ಎಕ್ಸ್-991ಇಎಸ್ ಪ್ಲಸ್ ಕ್ಯಾಲ್ಕುಲೇಟರಿನ ಅಪವರ್ತನ ಬಿಡಿಸುವ (ಸಂಖ್ಯೆಯನ್ನು ಅವಿಭಾಜ್ಯಗಳ ಗುಣಲಬ್ಧವಾಗಿ ಒಡೆಯುವ) ಸೌಲಭ್ಯ ಎಲ್ಲಿಯವರೆಗೆ ಕೈಹಿಡಿಯುತ್ತದೆ ಅಂತ ನೋಡಲು 1234567890 ತುಂಬ ಒಳ್ಳೆಯ ಸಂಖ್ಯೆ. ಸರಿಯಾಗಿ 10 ಅಂಕಿ. ಈ ಸೌಲಭ್ಯ ಒಪ್ಪಿಕೊಳ್ಳುವುದೂ ಹೆಚ್ಚೆಂದರೆ ಅಷ್ಟೇ.

ಸಂಖ್ಯೆ ಹಾಕಿ ಮೊದಲು = ಒತ್ತಿ. ಆಮೇಲೆ ಶಿಫ್ಟ್, ಅದರ ಬೆನ್ನಿಗೆ ಡಿಗ್ರಿ-ನಿಮಿಷ-ಸೆಕೆಂಡಿನ ಗುಂಡಿ. ಅದರ ಮೇಲೆ ಫ್ಯಾಕ್ಟ್ ಎಂದು ಬರೆದಿರುತ್ತದೆ. = ಒತ್ತದೆ ನೇರ ಫ್ಯಾಕ್ಟಿಗೆ ಹೋದರೆ ಬಿಡಿಸುವುದಿಲ್ಲ, ಗುಂಡಿ ಕೆಟ್ಟಿದೆ ಅಂದುಕೊಳ್ಳಬೇಡಿ. ಪರದೆಯ ಮೇಲೆ ಬರುವುದು ಇದು:

2 × 3² × 5 × (13717421)

ಎಡವುವುದು ಈ ಬ್ರಾಕೆಟ್ಟಿನಲ್ಲೇ. ಒಳಗಿರುವುದು ಅವಿಭಾಜ್ಯ ಸಂಖ್ಯೆ ಅಂತ ಇದರ ಅರ್ಥ ಅಲ್ಲ, 'ನನ್ನ ಕೈಲಿ ಆಗುವುದು ಇಷ್ಟೇ' ಅಂತ. ಯಂತ್ರ ಭಾಗಿಸಿ ನೋಡುವುದು ಮೂರಂಕಿಯ ಅವಿಭಾಜ್ಯಗಳವರೆಗೆ ಮಾತ್ರ. ಮೂರಂಕಿಯ ಕೊನೆಯ ಅವಿಭಾಜ್ಯ 997, ಅದರ ಮುಂದಿನದು 1009. 1009ರ ವರ್ಗ 1018081. 997ರವರೆಗೆ ಯಾವುದರಿಂದಲೂ ಭಾಗವಾಗದೆ ಉಳಿದ ಸಂಖ್ಯೆ 1018081ಕ್ಕಿಂತ ಚಿಕ್ಕದಾಗಿದ್ದರೆ ಅದು ಅವಿಭಾಜ್ಯವೇ ಆಗಿರಬೇಕು, ಆಗ ಬ್ರಾಕೆಟ್ ಇರುವುದಿಲ್ಲ. ಅಲ್ಲಿಂದಾಚೆಗೆ ಯಂತ್ರ ತೀರ್ಪು ಕೊಡುವುದಿಲ್ಲ.

ಮುಂದಿನ ಕೆಲಸ ನಮ್ಮದು. 13717421ರ ವರ್ಗಮೂಲ 3703.7ರ ಆಸುಪಾಸು. ಅದಕ್ಕಿಂತ ದೊಡ್ಡ ಪೂರ್ಣಾಂಕ 3704. ಅದರ ವರ್ಗದಿಂದ 13717421 ಕಳೆದರೆ 2195, ಪೂರ್ಣ ವರ್ಗ ಅಲ್ಲ. 3705ರ ವರ್ಗ 13727025, ಕಳೆದರೆ 9604. ಅದು 98ರ ವರ್ಗ! ಎರಡು ವರ್ಗಗಳ ವ್ಯತ್ಯಾಸ ಅಂದರೆ ಆ ಎರಡು ಸಂಖ್ಯೆಗಳ ವ್ಯತ್ಯಾಸ ಮತ್ತು ಮೊತ್ತದ ಗುಣಲಬ್ಧ. ಹಾಗಾಗಿ 3705 − 98 = 3607, 3705 + 98 = 3803. ಎರಡನೇ ಹೆಜ್ಜೆಗೇ ಬಿಡಿಸಿಕೊಂಡಿತು. 3607, 3803 ಎರಡನ್ನೂ ಬೇರೆ ಬೇರೆಯಾಗಿ ಫ್ಯಾಕ್ಟಿಗೆ ಕೊಟ್ಟರೆ ಹಾಗೇ ವಾಪಸ್ ಬರುತ್ತವೆ, ಎರಡೂ ಅವಿಭಾಜ್ಯ. ಅಪವರ್ತನಗಳು ಒಂದಕ್ಕೊಂದು ಹತ್ತಿರ ಇದ್ದಾಗ ಮಾತ್ರ ಈ ಉಪಾಯ ಇಷ್ಟು ಬೇಗ ಫಲ ಕೊಡುತ್ತದೆ.

ಭಾಜಕಗಳೆಷ್ಟು ಅಂತ ಎಣಿಸಲು ಪ್ರತಿ ಅವಿಭಾಜ್ಯದ ಘಾತಕ್ಕೆ 1 ಕೂಡಿಸಿ ಗುಣಿಸುತ್ತೇವೆ. ಬ್ರಾಕೆಟ್ಟನ್ನು ಅವಿಭಾಜ್ಯ ಅಂತ ನಂಬಿದರೆ ಭಾಜಕಗಳು 2×3×2×2 = 24 ಎಂದು ಬರೆದುಬಿಡುತ್ತೇವೆ. ನಿಜವಾದ ಉತ್ತರ 48.

ಇದಕ್ಕೆ ತದ್ವಿರುದ್ಧ 4294967297, ಅಂದರೆ 2ರ 32ನೇ ಘಾತಕ್ಕೆ 1 ಕೂಡಿಸಿದ್ದು. ಗಣಿತಜ್ಞ ಫರ್ಮಾ ಅವಿಭಾಜ್ಯ ಅಂದುಕೊಂಡಿದ್ದ ಈ ಸಂಖ್ಯೆಯನ್ನು ಇನ್ನೊಬ್ಬ ಗಣಿತಜ್ಞ ಆಯ್ಲರ್ 1732ರಲ್ಲಿ ಒಡೆದ. ಯಂತ್ರ ತೋರಿಸುವುದು 641 × (6700417). ಇಲ್ಲಿ ಬ್ರಾಕೆಟ್ಟಿನಲ್ಲಿರುವುದು ಅಪ್ಪಟ ಅವಿಭಾಜ್ಯ. ಈ ಸಂಖ್ಯೆಯ ಅವಿಭಾಜ್ಯ ಅಪವರ್ತನಗಳನ್ನು 128ರಿಂದ ಭಾಗಿಸಿದರೆ ಶೇಷ 1 ಬರಲೇಬೇಕು. ಹಾಗಾಗಿ 997ರಿಂದಾಚೆ ವರ್ಗಮೂಲದವರೆಗೆ ಪರೀಕ್ಷಿಸಬೇಕಾದವು 1153, 1409 ಎರಡೇ, ಎರಡರಿಂದಲೂ ಭಾಗವಾಗುವುದಿಲ್ಲ.

11 ಅಂಕಿ ಹಾಕಿದರೆ ಈ ಗುಂಡಿಯಿಂದ ಪ್ರಯೋಜನವಿಲ್ಲ. 12345678901 ಪರದೆಯಲ್ಲಿ 1.23456789×10¹⁰ ಆಗುತ್ತದೆ, ಕೊನೆಯ 1 ಕಾಣುವುದೇ ಇಲ್ಲ. ಒಳಗೆ ಅದು ಇದ್ದೇ ಇದೆ: 12300000000 ಕಳೆದು ನೋಡಿ, 45678901 ಬರುತ್ತದೆ.

ಪಿಯುಸಿ, ಡಿಗ್ರಿ ಗಣಿತಕ್ಕೆ ಈ ಕ್ಯಾಲ್ಕುಲೇಟರ್ ಧಾರಾಳವಾಗಿ ಸಾಕು. ಬ್ರಾಕೆಟ್ ಓದುವುದು ಗೊತ್ತಿರಬೇಕು, ಅಷ್ಟೇ. ತುಮಕೂರಿನ ಬಿ.ಎಚ್. ರಸ್ತೆಯಲ್ಲೋ ಎಂ.ಜಿ. ರಸ್ತೆಯಲ್ಲೋ ಕೊಳ್ಳುವಾಗ ಮಾದರಿಯ ಹೆಸರನ್ನಷ್ಟೇ ನೋಡಬೇಡಿ, ಗುಂಡಿಯ ಮೇಲೆ ಫ್ಯಾಕ್ಟ್ ಇದೆಯೇ ನೋಡಿ. ಅಂಗಡಿಯಲ್ಲೇ ಊರಿನ ಪಿನ್ ಕೋಡ್ 572101 ಹಾಕಿ =, ಶಿಫ್ಟ್, ಫ್ಯಾಕ್ಟ್ ಒತ್ತಿ. 17 × 73 × 461 ಬರಬೇಕು, ಬ್ರಾಕೆಟ್ ಇಲ್ಲದೆ.