ಪ್ರೈಮರಿ ಚೈನಿನ ಸದ್ದಿಗೆ ಕ್ರ್ಯಾಂಕ್ ಹೆಸರು ಹೇಳಿ ದುಡ್ಡು ಕೀಳುತ್ತಾರೆ, ಎಚ್ಚರ

ಬಲಗಡೆ ಗೇರಿನ ಹಳೆಯ ಬುಲೆಟ್ 350 ಇಟ್ಟುಕೊಂಡಿರುವ ಶಿವಮೊಗ್ಗ, ತೀರ್ಥಹಳ್ಳಿ ಕಡೆಯವರು ದಯವಿಟ್ಟು ಇದನ್ನು ಓದಿ. ನನ್ನ ಗಾಡಿಯ ಎಡಭಾಗದಿಂದ ಟಕಟಕ ಸದ್ದು ಬರುತ್ತಿತ್ತು. ಆಕ್ಸಿಲರೇಟರ್ ಕೊಟ್ಟರೆ ತಗ್ಗಿ, ಬಿಟ್ಟ ಕೂಡಲೇ ಮತ್ತೆ ಶುರುವಾಗುತ್ತಿತ್ತು. ಶಿವಮೊಗ್ಗದ ಒಂದು ಗ್ಯಾರೇಜಿನವರು ಒಮ್ಮೆ ಕಿಕ್ ಹೊಡೆದು ಕೇಳಿದ್ದಷ್ಟೇ, "ಕ್ರ್ಯಾಂಕ್ ಬೇರಿಂಗ್ ಹೋಗಿದೆ ಸರ್, ಎಂಜಿನ್ ಇಳಿಸ್ಬೇಕು" ಎಂದುಬಿಟ್ಟರು. (ಕ್ರ್ಯಾಂಕ್ ಎಂದರೆ ಪಿಸ್ಟನ್ ತಿರುಗಿಸುವ, ಎಂಜಿನ್ನಿನ ಒಳಗಿನ ಮುಖ್ಯ ದಂಡ.) ಕೆಲಸ ಮುಗಿಯಿತೆಂದು 9,000 ರೂಪಾಯಿ ತೆಗೆದುಕೊಂಡು, ಸವೆದ ಬೇರಿಂಗೊಂದನ್ನು ಬಟ್ಟೆಯಲ್ಲಿ ಒರೆಸಿ ನನ್ನ ಕೈಗಿಟ್ಟು, "ನೋಡಿ, ನಿಮ್ಮ ಗಾಡೀದೇ" ಎಂದರು.

ಆಗುಂಬೆ ಘಾಟಿ ಇಳಿಯುವಾಗ ಆಕ್ಸಿಲರೇಟರ್ ಬಿಟ್ಟಲ್ಲೆಲ್ಲ ಅದೇ ಸದ್ದು, ಮೊದಲಿಗಿಂತ ಜೋರು. ಕೊನೆಗೆ ತೀರ್ಥಹಳ್ಳಿಯ ಪರಿಚಯದ ಮೆಕ್ಯಾನಿಕ್ ಒಬ್ಬರು ಎಡಗಡೆಯ ಫುಟ್‌ರೆಸ್ಟ್ ಮತ್ತು ಬ್ರೇಕ್ ಪೆಡಲ್ ಕಳಚಿ, ನಡುವಿನ ಒಂದೇ ನಟ್ಟು ಬಿಚ್ಚಿ ಕವರು ತೆಗೆದರು. ಎಂಜಿನ್ನಿನಿಂದ ಕ್ಲಚ್‌ಗೆ ಶಕ್ತಿ ಒಯ್ಯುವ ಎರಡು ಸಾಲಿನ ಪ್ರೈಮರಿ ಚೈನು ಜೋತುಬಿದ್ದು ಕವರಿನ ಒಳಗೋಡೆಯನ್ನು ಉಜ್ಜಿ ಹೊಳೆಯುವ ಗೀರು ಮಾಡಿತ್ತು. ಎಣ್ಣೆಯಲ್ಲಿ ಅಲ್ಯೂಮಿನಿಯಂ ಪುಡಿ ಮಿನುಗುತ್ತಿತ್ತು. ಚೈನನ್ನು ಬಿಗಿಯಾಗಿಡುವ, ಅದರ ಕೆಳಗಿನ ಟೆನ್ಷನರ್ ಸವೆದಿತ್ತು, ಅದರ ನಟ್ಟಿನ ಮೇಲೆ ಕಪ್ಪು ಜಿಡ್ಡು ಕಲ್ಲಿನಂತೆ ಗಟ್ಟಿಯಾಗಿ ಕೂತಿತ್ತು. ಯಾವ ಸ್ಪ್ಯಾನರೂ ಅದನ್ನು ಮುಟ್ಟಿರಲಿಲ್ಲ. ಕ್ರ್ಯಾಂಕ್ ಹೊರಗೆ ಬರಬೇಕಾದರೆ ಈ ಚೈನು, ಕ್ಲಚ್, ಒಳಗಿನ ಕೇಸು ಎಲ್ಲವನ್ನೂ ಮೊದಲು ಕಳಚಲೇಬೇಕು. ಅಂದರೆ ಆ ಗ್ಯಾರೇಜಿನವರು ನನ್ನ ಎಂಜಿನ್ ಬಿಚ್ಚಿಯೇ ಇರಲಿಲ್ಲ! ಆ ಬೇರಿಂಗ್ ಯಾರದೋ!

ಅಲ್ಲಿಂದಲೇ ಶಿವಮೊಗ್ಗದ ಆ ಗ್ಯಾರೇಜಿಗೆ ಫೋನ್ ಮಾಡಿ, ಚೈನು ಮುಟ್ಟದೆ ಕ್ರ್ಯಾಂಕ್ ಹೇಗೆ ತೆಗೆದಿರಿ ಎಂದು ಕೇಳಿದೆ. "ಅದಕ್ಕೆ ನಮ್ಮದೇ ಮೆಥಡ್ ಇದೆ ಸರ್, ನಿಮಗೆ ಗೊತ್ತಾಗಲ್ಲ" ಎಂಬ ಉತ್ತರ ಬಂತು. ಹಾಗೆ ತೆಗೆಯಲು ಸಾಧ್ಯವೇ ಇಲ್ಲ ಎಂದಾಗ, "ಹಳೇ ಗಾಡಿ, ಸದ್ದು ಬಂದೇ ಬರುತ್ತೆ, ಹೊಸದು ತಗೊಳ್ಳಿ" ಎಂದರು, ಹಿಂದೆ ಯಾರೋ ನಕ್ಕಿದ್ದೂ ಕೇಳಿಸಿತು. ಬಿಲ್ ಕೇಳಿದರೆ, "ಇಷ್ಟು ವರ್ಷದಲ್ಲಿ ಯಾರೂ ಬಿಲ್ ಕೇಳಿಲ್ಲ ಸರ್." ಮೆಕ್ಯಾನಿಕ್ಕಿನ ಎದುರು ನಿಂತು ಇದನ್ನೆಲ್ಲ ಕೇಳಿಸಿಕೊಳ್ಳುವಾಗ ನನಗಾದ ಅವಮಾನ ಇನ್ನೂ ಹೋಗಿಲ್ಲ. ದುಡ್ಡಂತೂ ಒಂದು ರೂಪಾಯಿಯೂ ವಾಪಸ್ ಬಂದಿಲ್ಲ. ಹೊಸ ಚೈನು, ಹೊಸ ಟೆನ್ಷನರ್ ಹಾಕಿದ ಮೇಲೆ ಸದ್ದು ಪೂರ್ತಿ ನಿಂತಿದೆ.

ಇಂಥ ಸದ್ದು ಬಂದರೆ ಮೊದಲು ಕ್ಲಚ್ ಹಿಡಿದು ಕೇಳಿ. ಸದ್ದು ನಿಂತರೆ ಕ್ಲಚ್ ಅಥವಾ ಗೇರ್‌ಬಾಕ್ಸ್ ಕಡೆ ನೋಡಬೇಕು. ಕ್ಲಚ್ ಹಿಡಿದರೂ ಪ್ರೈಮರಿ ಚೈನು ತಿರುಗುತ್ತಲೇ ಇರುವುದರಿಂದ ಅದರ ಸದ್ದು ನಿಲ್ಲುವುದಿಲ್ಲ. ಎಂಜಿನ್ ಆಫ್ ಮಾಡಿ, ಕವರಿನ ಮೇಲಿನ ಸಣ್ಣ ಮುಚ್ಚಳ ತೆಗೆದು, ಕಿಕ್ಕರ್ ನಿಧಾನವಾಗಿ ಒತ್ತುತ್ತ ನಾಲ್ಕಾರು ಕಡೆ ಚೈನು ಅಲುಗಿಸಿ. ಅತಿ ಬಿಗಿಯಾದ ಜಾಗದಲ್ಲಿ ಸುಮಾರು 6 ಮಿ.ಮೀ. ಸಡಿಲವಿರಬೇಕು. ಕ್ರ್ಯಾಂಕ್ ಎಂಬ ಮಾತು ಎತ್ತಿದವರಿಗೆ, ಎಡಗಡೆ ಕವರನ್ನು ನಿಮ್ಮೆದುರಿಗೇ ತೆಗೆಯಲು ಹೇಳಿ. ಒಪ್ಪದಿದ್ದರೆ ಗಾಡಿಯನ್ನು ಅಲ್ಲಿ ಬಿಟ್ಟು ಬರಬೇಡಿ.