ಓರೆಕಿಟ್‌ನ ಸಾಪೇಕ್ಷತಾ ಮಾದರಿ: ಪ್ರತಿ ಸುತ್ತಿಗೆ 17 ಸೆಂಟಿಮೀಟರ್‌ ಲೆಕ್ಕ

ಉಪಗ್ರಹಗಳ ಕಕ್ಷೆಯನ್ನು ಲೆಕ್ಕ ಹಾಕುವ ತಂತ್ರಾಂಶಗಳು ನ್ಯೂಟನ್ನನ ಗುರುತ್ವ ನಿಯಮವನ್ನೇ ಬುನಾದಿಯಾಗಿ ಇಟ್ಟುಕೊಂಡು, ಐನ್‌ಸ್ಟೈನರ ಸಾಮಾನ್ಯ ಸಾಪೇಕ್ಷತೆಯನ್ನು ಅದರ ಮೇಲೊಂದು ಸಣ್ಣ ತಿದ್ದುಪಡಿಯಾಗಿ ಸೇರಿಸುತ್ತವೆ. ಆ ತಿದ್ದುಪಡಿ ಎಷ್ಟು ಚೊಕ್ಕವಾಗಿದೆ ಎಂಬುದನ್ನು ನೋಡಿದರೆ ತಂತ್ರಾಂಶದ ಒಟ್ಟು ಗುಣಮಟ್ಟ ತಿಳಿಯುತ್ತದೆ ಎಂದು ನಾನು ನಂಬಿದ್ದೇನೆ. ಈ ದೃಷ್ಟಿಯಿಂದಲೇ ಓರೆಕಿಟ್ ಎಂಬ ಜಾವಾ ಗ್ರಂಥಾಲಯವನ್ನು, ಅಂದರೆ ಜಾವಾ ಭಾಷೆಯಲ್ಲಿ ಬರೆದ ಸಿದ್ಧ ಸಂಕೇತಗಳ ಸಂಗ್ರಹವನ್ನು, ಪರೀಕ್ಷಿಸಿದೆ. ಫ್ರಾನ್ಸಿನ ಸಿಎಸ್ ಸಂಸ್ಥೆ 2002ರಲ್ಲಿ ಆರಂಭಿಸಿ, 2008ರಲ್ಲಿ ಅಪಾಚೆ ಪರವಾನಗಿಯಡಿ ಮುಕ್ತವಾಗಿ ಬಿಡುಗಡೆ ಮಾಡಿದ ತಂತ್ರಾಂಶವಿದು. ಹಣ ಕೊಡಬೇಕಾಗಿಲ್ಲ, ಪೈಥಾನ್‌ನಿಂದಲೂ ಬಳಸಬಹುದು.

ಅಳವಡಿಕೆ ಸುಲಭ. ಆದರೆ ಭೂಮಿಯ ಭ್ರಮಣದ ವಿವರ, ಅಧಿಕ ಸೆಕೆಂಡುಗಳ ಪಟ್ಟಿ ಮೊದಲಾದವುಗಳಿರುವ ದತ್ತಾಂಶದ ಕಡತಕೋಶವನ್ನು ಪ್ರತ್ಯೇಕವಾಗಿ ತಂದು ಜೋಡಿಸದೆ ಬಹುತೇಕ ಲೆಕ್ಕಗಳು ಮುಂದೆ ಸಾಗುವುದಿಲ್ಲ.

ಪರೀಕ್ಷೆಗೆ ನಾನು ಆರಿಸಿಕೊಂಡದ್ದು 1976ರಲ್ಲಿ ಹಾರಿಸಿದ ಲೇಜಿಯೋಸ್ ಉಪಗ್ರಹವನ್ನು. 60 ಸೆಂಟಿಮೀಟರ್ ವ್ಯಾಸದ ಈ ಲೋಹದ ಗೋಳದ ಮೈತುಂಬ 426 ಪ್ರತಿಫಲಕಗಳಿವೆ. ಅದರೊಳಗೆ ಯಾವ ಯಂತ್ರವೂ ಇಲ್ಲದಿರುವುದರಿಂದ, ನೆಲದಿಂದ ಲೇಸರ್ ಹಾಯಿಸಿ ಅದರ ದೂರವನ್ನು ಮಿಲಿಮೀಟರುಗಳ ಮಟ್ಟದಲ್ಲಿ ಅಳೆಯುವುದಕ್ಕೆ ಇದಕ್ಕಿಂತ ಶುದ್ಧವಾದ ಗುರಿ ಬಹಳ ಕಡಿಮೆ. ಓರೆಕಿಟ್‌ನಲ್ಲಿ ಸಾಪೇಕ್ಷತೆಯ ಬಲವನ್ನು ಸೇರಿಸುವುದು ಒಂದೇ ಸಾಲಿನ ಕೆಲಸ. ಭೂಮಿಯ ಗುರುತ್ವ ಸ್ಥಿರಾಂಕವನ್ನು (ನ್ಯೂಟನ್ನನ ಗುರುತ್ವ ಸ್ಥಿರಾಂಕ ಮತ್ತು ಭೂಮಿಯ ದ್ರವ್ಯರಾಶಿಯ ಗುಣಲಬ್ಧ) ಕೊಟ್ಟರೆ ಉಳಿದದ್ದನ್ನು ಅದೇ ನೋಡಿಕೊಳ್ಳುತ್ತದೆ. ಒಂದೇ ಸ್ಥಾನ, ಒಂದೇ ವೇಗದಿಂದ ಹೊರಟ ಎರಡು ಲೆಕ್ಕಗಳಲ್ಲಿ ಒಂದಕ್ಕೆ ಮಾತ್ರ ಈ ಬಲವನ್ನು ಸೇರಿಸಿ ಒಂದು ದಿನ ಓಡಿಸಿದಾಗ, ಸಾಪೇಕ್ಷತೆಯುಳ್ಳ ಉಪಗ್ರಹವು ಇನ್ನೊಂದಕ್ಕಿಂತ ಸುಮಾರು 1.07 ಮೀಟರ್ ಹಿಂದೆ ಬಿತ್ತು. ಕಾಗದದ ಮೇಲೆ ಲೆಕ್ಕ ಹಾಕಿದರೂ ಇದೇ ಉತ್ತರ ಬರುತ್ತದೆ. ಕಕ್ಷೆ ವೃತ್ತಕ್ಕೆ ಹತ್ತಿರವಿದ್ದರೆ, ಎತ್ತರ ಎಷ್ಟೇ ಇರಲಿ, ಪ್ರತಿ ಸುತ್ತಿಗೆ ಬೀಳುವ ಹಿಂದುಳಿಕೆ ಸುಮಾರು 17 ಸೆಂಟಿಮೀಟರೇ. ದಿನಕ್ಕೆ ಆರು ಸುತ್ತಿಗಿಂತ ತುಸು ಹೆಚ್ಚು ಸುತ್ತುವ ಲೇಜಿಯೋಸ್‌ಗೆ ಅದು ಒಂದು ಮೀಟರ್ ದಾಟುತ್ತದೆ, ಎರಡು ಸುತ್ತು ಹಾಕುವ ಜಿಪಿಎಸ್ ಉಪಗ್ರಹಕ್ಕೆ 33 ಸೆಂಟಿಮೀಟರ್ ಆಗುತ್ತದೆ.

ಈ ಉತ್ತರ ನನಗೆ ಮೊದಲ ಸಲವೇ ದೊರೆಯಲಿಲ್ಲ. ಆರಂಭದ ಓಟದಲ್ಲಿ ವ್ಯತ್ಯಾಸ 33 ಸೆಂಟಿಮೀಟರ್ ಮಾತ್ರ ಕಂಡಿತು, ಕಾರಣ ಹುಡುಕುವುದಕ್ಕೆ ಒಂದು ಸಂಜೆಯೇ ಹಿಡಿಯಿತು. ಓರೆಕಿಟ್‌ನ ಸ್ಥಿರಾಂಕಗಳ ಪಟ್ಟಿಯಲ್ಲಿ ಭೂಮಿಯ ಗುರುತ್ವ ಸ್ಥಿರಾಂಕಕ್ಕೆ ಒಂದಕ್ಕಿಂತ ಹೆಚ್ಚು ಬೆಲೆಗಳಿವೆ: ಕೆಲವು 3.986004415ರಿಂದ, ಇನ್ನು ಕೆಲವು 3.986004418ರಿಂದ ಆರಂಭವಾಗುತ್ತವೆ. ಕೊನೆಯ ಅಂಕಿಯ ಈ ಅಂತರ ಅಳತೆಯ ದೋಷವಲ್ಲ. ಭೂಮೇಲ್ಮೈಯ ಗಡಿಯಾರಕ್ಕೆ ಹೊಂದುವ ಕಾಲಮಾನವನ್ನು ಬಳಸಿದರೆ ಮೊದಲನೆಯದು ಸರಿ, ಭೂಮಿಯ ಗುರುತ್ವದ ಪ್ರಭಾವವನ್ನು ಬಿಟ್ಟು ಎಣಿಸುವ ಭೂಕೇಂದ್ರದ ನಿರ್ದೇಶಾಂಕ ಕಾಲಮಾನವನ್ನು ಬಳಸಿದರೆ ಎರಡನೆಯದು ಸರಿ. ಹೀಗೆ ಸಾಪೇಕ್ಷತೆ ಸ್ಥಿರಾಂಕದೊಳಗೂ ಅಡಗಿದೆ. ನಾನು ಎರಡು ಓಟಗಳಲ್ಲಿ ಎರಡು ಬೆಲೆಗಳನ್ನು ಬಳಸಿದ್ದೆ, ಅದರಿಂದ ಉಪಗ್ರಹ ದಿನಕ್ಕೆ 74 ಸೆಂಟಿಮೀಟರ್ ಮುಂದೆ ಸರಿದು, ಐನ್‌ಸ್ಟೈನರ ಪರಿಣಾಮದ ಮೂರರಲ್ಲಿ ಎರಡು ಪಾಲನ್ನು ಮರೆಮಾಡಿತ್ತು. ತಪ್ಪು ತಂತ್ರಾಂಶದ್ದಲ್ಲ, ನನ್ನದು. ಆದರೂ ಹೊಸಬರು ಮೊದಲು ಎಚ್ಚರ ವಹಿಸಬೇಕಾದ ಜಾಗ ಇದೇ.

ಇನ್ನೊಂದು ಮಾತನ್ನು ಒತ್ತಿ ಹೇಳಬೇಕು. ದಿನಕ್ಕೆ ಒಂದು ಮೀಟರ್ ಎಂಬ ಸಂಖ್ಯೆ ಕಣ್ಣಿಗೆ ದೊಡ್ಡದಾಗಿ ಕಂಡರೂ ನಿಜವಾದ ಲೇಸರ್ ಅಳತೆಗಳಿಗೆ ಕಕ್ಷೆಯನ್ನು ಹೊಂದಿಸಿದಾಗ ಅದು ಹೆಚ್ಚುಕಡಿಮೆ ಕರಗಿಹೋಗುತ್ತದೆ, ಏಕೆಂದರೆ ಸುತ್ತಿನ ಅವಧಿಯನ್ನು ಅಳತೆಯೇ ನಿರ್ಧರಿಸಿಬಿಡುತ್ತದೆ. ಕೊನೆಗೆ ಉಳಿಯುವುದು ಕಕ್ಷೆಯ ತ್ರಿಜ್ಯದಲ್ಲಿ ಸುಮಾರು 4.4 ಮಿಲಿಮೀಟರ್ ಇಳಿಕೆ. ಓರೆಕಿಟ್ ನನಗೆ ಮೆಚ್ಚುಗೆಯಾದದ್ದು ಇಲ್ಲಿ. ಕಕ್ಷೆಯನ್ನು ಮುಂದಕ್ಕೆ ಓಡಿಸುವ ಬಲಗಳ ಅದೇ ಮಾದರಿಯನ್ನು ಅಳತೆಗಳಿಗೆ ಹೊಂದಿಸುವ ಲೆಕ್ಕಕ್ಕೂ ಬಳಸಬಹುದಾದ್ದರಿಂದ, ಮೀಟರಿನ ಭ್ರಮೆಯನ್ನೂ ಮಿಲಿಮೀಟರಿನ ವಾಸ್ತವವನ್ನೂ ಒಂದೇ ಕಡೆ ನೋಡಬಹುದು. ಲೇಸರ್ ಕಿರಣ ಭೂಮಿಯ ಗುರುತ್ವದಲ್ಲಿ ತಡವಾಗುವ ಶಪೀರೊ ಪರಿಣಾಮಕ್ಕೂ ಪ್ರತ್ಯೇಕ ತಿದ್ದುಪಡಿ ಇದೆ.

ತಿರುಗುವ ಭೂಮಿ ತನ್ನ ಸುತ್ತಲಿನ ದೇಶಕಾಲವನ್ನು ಎಳೆದೊಯ್ಯುವ ಲೆನ್ಸ್–ಥಿರಿಂಗ್ ಪರಿಣಾಮಕ್ಕೂ ಇದರಲ್ಲಿ ಬೇರೆ ಮಾದರಿಯುಂಟು. ಲೇಜಿಯೋಸ್‌ನ ಕಕ್ಷಾತಲ ಅದರಿಂದಾಗಿ ವರ್ಷಕ್ಕೆ 31 ಮಿಲಿಆರ್ಕ್‌ಸೆಕೆಂಡ್, ಅಂದರೆ ಕಕ್ಷೆಯ ಎತ್ತರದಲ್ಲಿ ಎರಡು ಮೀಟರಿಗೂ ಕಡಿಮೆ, ತಿರುಗುತ್ತದೆ. ಇದನ್ನು ನೋಡಬಯಸುವವರು ಕಕ್ಷೆಯನ್ನು ಹಂತಹಂತವಾಗಿ ಮುಂದಕ್ಕೆ ಓಡಿಸುವ ಲೆಕ್ಕದ ದೋಷಮಿತಿಯನ್ನು ಮಿಲಿಮೀಟರಿಗಿಂತ ಬಹಳ ಕೆಳಗೆ ಇಡಬೇಕು.

ಕೊರತೆಯಾಗಿ ನನಗೆ ಕಂಡದ್ದು ಒಂದು. ಸಿದ್ಧಾಂತವನ್ನೇ ಪರೀಕ್ಷಿಸಲು ಬೇಕಾದ, ಐನ್‌ಸ್ಟೈನರ ಪ್ರಕಾರ 1 ಆಗಿರಬೇಕಾದ ಬೀಟಾ, ಗಾಮಾ ಎಂಬ ಎರಡು ಗುಣಾಂಕಗಳನ್ನು ಇಲ್ಲಿ 1 ಎಂದೇ ಸೂತ್ರದೊಳಗೆ ಕಟ್ಟಿಹಾಕಲಾಗಿದೆ. ಅವನ್ನು ಅಳತೆಗಳಿಂದ ಕಂಡುಕೊಳ್ಳಬೇಕೆನ್ನುವ ಸಂಶೋಧಕರು ತಾವೇ ಹೊಸ ಕ್ಲಾಸ್ (ಜಾವಾ ಸಂಕೇತದ ಒಂದು ಘಟಕ) ಬರೆಯಬೇಕು. ಮೂಲ ಸಂಕೇತ ತೆರೆದಿರುವುದರಿಂದ ಅದು ಕಷ್ಟವೇನಲ್ಲ.

ಬೆಂಗಳೂರಿನ ಹೊರವಲಯದ ಬ್ಯಾಲಾಳುವಿನಿಂದ ನಡೆಯುವ ನಮ್ಮ ನಾವಿಕ್ ಎಂಬ ಪಥದರ್ಶಕ ಉಪಗ್ರಹ ವ್ಯವಸ್ಥೆಯ ಕಾಲಮಾನವನ್ನು ಓರೆಕಿಟ್ ನೇರವಾಗಿ ಗುರುತಿಸುತ್ತದೆ ಎಂಬುದು ಇಲ್ಲಿನ ವಿದ್ಯಾರ್ಥಿಗಳಿಗೆ ಉಪಯುಕ್ತ. ಪಥದರ್ಶಕ ಉಪಗ್ರಹಗಳ ದತ್ತಾಂಶವನ್ನು ಕೈಗೆತ್ತಿಕೊಳ್ಳುವವರು ಕಕ್ಷೆಯ ತಿದ್ದುಪಡಿಗಿಂತ ಮೊದಲು ಗಡಿಯಾರದ ತಿದ್ದುಪಡಿಯನ್ನು ಹಾಕುವುದು ಒಳ್ಳೆಯದು. ಜಿಪಿಎಸ್ ಗಡಿಯಾರ ದಿನಕ್ಕೆ 38 ಮೈಕ್ರೊಸೆಕೆಂಡ್ ಮುಂದೆ ಓಡುವುದನ್ನು ಉಡಾವಣೆಗೆ ಮುನ್ನವೇ ಆವರ್ತನ ತಗ್ಗಿಸಿ ಸರಿಪಡಿಸಿರುತ್ತಾರೆ. ಕಕ್ಷೆ ತುಸು ಅಂಡಾಕಾರವಾಗಿರುವುದರಿಂದ ಉಳಿಯುವ ಏರಿಳಿತ ಮಾತ್ರ ಬಳಕೆದಾರನ ಪಾಲಿನದು, ಉತ್ಕೇಂದ್ರತೆ (ಕಕ್ಷೆ ವೃತ್ತಕ್ಕಿಂತ ಎಷ್ಟು ಅಂಡಾಕಾರ ಎಂಬ ಅಳತೆ) 0.02 ಇದ್ದರೆ ಅದು 46 ನ್ಯಾನೊಸೆಕೆಂಡ್, ದೂರದಲ್ಲಿ ಸುಮಾರು 14 ಮೀಟರ್. ಓರೆಕಿಟ್‌ನಲ್ಲಿ ಅದನ್ನು ಅಳತೆಗೆ ಅಂಟಿಸುವುದಕ್ಕೂ ಒಂದೇ ಸಾಲು ಸಾಕು.